ಸನದಿನ ತವರುಮನೆ

ವರದೆ ತುಂಗಭದ್ರೆಯನ್ನು ಕೂಡುವ ಊರು ಗಳಗನಾಥ. ಮದುವೆಯಾದ ಮಗಳ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಿದಾಗ, ಇನ್ನೇನು ಕಾಗದಪತ್ರದ ಕೆಲಸ ಮುಗಿಯಿತು ಎಂದೇ ಅಲ್ಲಿನ ಆ ಯಜಮಾನರು ತಿಳಿದಿದ್ದರು. ಐದು ತಿಂಗಳ ಮೇಲೆ ಸೊಲ್ಲಾಪುರದಿಂದ ಬಂದ ಮಗಳು, "ಅಪ್ಪಾ, ವಕೀಲರ ಪಟ್ಟ್ಯಾಗಿಂದೂ ನನ್ನ ಹೆಸರು ತಗಸಬೇಕಾಗೇತಿ" ಎಂದಾಗ ಅವರ ಕೈ ಊಟದ ತಟ್ಟೆಯಲ್ಲೇ ನಿಂತಿತು.

"ಮತ್ತ ಪರೀಕ್ಷಾ ಬರೀಬೇಕೇನವ್ವಾ?"

ಹೆದರಿಕೆ ಸಹಜ. ಕಾನೂನು ಪದವಿ ಪಡೆದು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮೇಲೂ ಅಖಿಲ ಭಾರತ ವಕೀಲರ ಪರೀಕ್ಷೆಯೆಂಬುದೊಂದಿದೆ. 2011ರಿಂದ ನಡೆಯುತ್ತಿರುವ ಪರೀಕ್ಷೆ. ಅವಳು ಅದಕ್ಕೆ ಓದುವಾಗ ಮನೆಯವರೆಲ್ಲ ಟಿ.ವಿ. ಹಚ್ಚದೆ ಕೂತಿದ್ದರು.

ಮತ್ತೆ ಬರೆಯಬೇಕಿಲ್ಲ. ಅಮೆರಿಕದಲ್ಲಿ ವಕೀಲಿಗೆ ರಾಜ್ಯಕ್ಕೊಂದು ಅನುಮತಿ. ಒಂದು ರಾಜ್ಯದಲ್ಲಿ ಪಡೆದ ಅಂಕಗಳನ್ನು ಇನ್ನೊಂದಕ್ಕೆ ಒಯ್ಯಲು ಹಲವು ರಾಜ್ಯಗಳು ಒಪ್ಪುತ್ತವಾದರೂ ಪಾಸಿನ ಮಟ್ಟ ಎಲ್ಲೆಡೆ ಒಂದೇ ಅಲ್ಲ. ನಮ್ಮಲ್ಲಿ ಒಮ್ಮೆ ಪಾಸಾದರೆ ಇಡೀ ದೇಶಕ್ಕೆ ಸಲ್ಲುತ್ತದೆ. ತೊಡಕೇನಿದ್ದರೂ ಹೆಸರಿನದು. 1961ರ ವಕೀಲರ ಕಾಯ್ದೆಯಂತೆ ಒಬ್ಬರ ಹೆಸರು ಎರಡು ರಾಜ್ಯಗಳ ಪಟ್ಟಿಯಲ್ಲಿ ಇರುವಂತಿಲ್ಲ. ಅದರ 30ನೇ ಕಲಂ 2011ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ ದೇಶದ ಯಾವ ಕೋರ್ಟಿನಲ್ಲಾದರೂ ನಿಂತು ವಾದಿಸಬಹುದು, ನಿಜ. ಆದರೆ ಬೇರೆ ರಾಜ್ಯದಲ್ಲೇ ನೆಲೆನಿಂತು ವಕೀಲಿ ನಡೆಸುವವರು ಆರು ತಿಂಗಳೊಳಗೆ ಹೆಸರಿನ ಬದಲಿಗೆ ಅರ್ಜಿ ಹಾಕದಿದ್ದರೆ ಅದು ವೃತ್ತಿ ದುರ್ನಡತೆ ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ ನಿಯಮ. ಅರ್ಜಿ ಹೋಗುವುದು ದಿಲ್ಲಿಗೆ. ಶಿಸ್ತು ಕ್ರಮ ಬಾಕಿ ಇರಬಾರದು. ಬದಲಿಗೆ ಶುಲ್ಕವಿಲ್ಲವೆಂದು 18ನೇ ಕಲಂ ಹೇಳುತ್ತದೆ. ಓಡಾಟದ ಖರ್ಚಿನ ಮಾತನ್ನು ಅದು ಎತ್ತುವುದಿಲ್ಲ.

ಇದೆಲ್ಲ ಗೊತ್ತಿದ್ದೂ ಅವಳು ಐದು ತಿಂಗಳು ತಡೆದಿದ್ದಳು. ಹಾವೇರಿ ಕೋರ್ಟಿನಲ್ಲಿ ಅಪ್ಪನ ಹೊಲದ ಬದುವಿನ ದಾವೆ ಅವಳ ಕೈಯಲ್ಲೇ ಇತ್ತು.

"ನೀ ಆ ರಾಜ್ಯದ ವಕೀಲ್ತಿ ಆದಮ್ಯಾಲ ನಮ್ಮ ಕೇಸಿನ ಗತಿ?"

"ತಾರೀಖಿಗೆ ಬರ್ತೀನಪ್ಪಾ. ಹೆಸರು ಅಲ್ಲಿದ್ರೂ ಹಾವೇರ್ಯಾಗ ನಿಲ್ಲಾಕ ಬರತೈತಿ."

ಅಜ್ಜನ ಕಾಲದಲ್ಲಾಗಿದ್ದರೆ ಈ ಅಲ್ಲಿ-ಇಲ್ಲಿ ಇರುತ್ತಿರಲಿಲ್ಲ. 1956ರ ನವೆಂಬರ್ 1ರ ತನಕ ಗಳಗನಾಥವೂ ಸೊಲ್ಲಾಪುರವೂ ಮುಂಬಯಿ ರಾಜ್ಯದಲ್ಲೇ ಇದ್ದವು. ಈಗಲೂ ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವ ಕಕ್ಷಿದಾರರಿಗೆ ಬರವಿಲ್ಲ. ಕಾಗದ ಮಾತ್ರ ಮರಾಠಿ. ನಾದಿನಿಯ ಹತ್ತಿರ ಕೂತು ಕಲಿಯುತ್ತಿದ್ದಾಳೆ.

ಅರ್ಜಿಯ ಫಾರಂ ಎರಡು ದಿನ ದೇವರ ಗೂಡಿನಲ್ಲೇ ಇತ್ತು. ಮೂರನೆಯ ದಿನ ಅಪ್ಪನೇ ಕೇಳಿದರು: "ಆರು ತಿಂಗಳಾಗಾಕ ಇನ್ನ ಎಷ್ಟ್ ದಿನ ಐತಿ?"

"ಇಪ್ಪತ್ತೆರಡು."

"ಹಂಗಾರ ಸಹಿ ಮಾಡಿಬಿಡವ್ವಾ" ಎಂದವರೇ, ಗೋಡೆಯ ಕ್ಯಾಲೆಂಡರಿನಲ್ಲಿ ದಾವೆಯ ಮುಂದಿನ ತಾರೀಖು ಹುಡುಕತೊಡಗಿದರು.