ಮುಖಲಿಂಗ ನೆಲೆಸಿದ್ದ ಕಡಲ ತೀರ: ವಿಯೆಟ್ನಾಮಿನ ನ್ಯಾ ತ್ರಾಂಗ್

ವಿಯೆಟ್ನಾಮಿನ ದಕ್ಷಿಣ-ಮಧ್ಯ ಕರಾವಳಿಯಲ್ಲಿರುವ ನ್ಯಾ ತ್ರಾಂಗ್ ಆ ಭಾಗದ ಪ್ರವಾಸೋದ್ಯಮಕ್ಕೆಲ್ಲ ಕೇಂದ್ರಸ್ಥಾನ. ಬಿಲ್ಲಿನಂತೆ ಬಾಗಿದ ಸುಮಾರು 6 ಕಿ.ಮೀ. ಉದ್ದದ ಮರಳ ದಂಡೆ, ಬೆನ್ನಿಗೆ ಹಸಿರು ಬೆಟ್ಟಗಳು, ಎದುರಿಗೆ ದ್ವೀಪಗಳು. ಅವುಗಳಲ್ಲಿ ದೊಡ್ಡದಾದ ಹೊನ್ ಚೆ ದ್ವೀಪಕ್ಕೆ 2007ರಿಂದ ಕಡಲಿನ ಮೇಲೆಯೇ 3 ಕಿ.ಮೀ.ಗೂ ಮಿಕ್ಕಿದ ರೋಪ್‌ವೇ ಓಡುತ್ತಿದೆ. ಕೊರಿಯಾ, ಚೀನಾ, ರಷ್ಯಾಗಳಿಂದ ಬರುವ ಪ್ರವಾಸಿಗರಿಗಾಗಿ ದಂಡೆಯುದ್ದಕ್ಕೂ ಮುಗಿಲೆತ್ತರದ ಹೋಟೆಲುಗಳು ತಲೆಯೆತ್ತಿವೆ.

ಇಷ್ಟೇ ಆಗಿದ್ದರೆ ಈ ಊರಿನ ವಿಷಯವನ್ನು ಈ ಪುಟಗಳಲ್ಲಿ ಬರೆಯುವ ಅಗತ್ಯವಿರಲಿಲ್ಲ. ಹನ್ನೆರಡು ಶತಮಾನಗಳಿಗೂ ಹಿಂದೆ ಇಲ್ಲಿ ಶಿವಲಿಂಗಕ್ಕೆ ಪೂಜೆ ಸಲ್ಲುತ್ತಿತ್ತು. ಹೊರಗಿನಿಂದ ಬಂದವರು ಈ ಕ್ಷೇತ್ರವನ್ನು ಸುಟ್ಟದ್ದೂ ಉಂಟು. ಹೊರಗಿನಿಂದ ಬಂದವರೇ ದೀಪ ಆರದಂತೆ ಕಾಪಾಡಿದ್ದೂ ಉಂಟು. ಬರುವವರ ಮನಸ್ಸಿನಿಂದ ಒಂದು ಊರು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ನ್ಯಾ ತ್ರಾಂಗ್ ನಮಗೆ ತೋರಿಸುತ್ತದೆ.

ಗುಡ್ಡದ ಮೇಲಿನ ಪೊ ನಗರ್

ಊರಿನ ಉತ್ತರಕ್ಕೆ ಕಾಯ್ ನದಿ ಕಡಲನ್ನು ಸೇರುವಲ್ಲಿ ಒಂದು ಚಿಕ್ಕ ಗುಡ್ಡವಿದೆ. ಅದರ ಮೇಲಿರುವ ಇಟ್ಟಿಗೆಯ ಗೋಪುರ ದೇಗುಲಗಳೇ ಪೊ ನಗರ್. ಚಾಮ್ ಭಾಷೆಯಲ್ಲಿ ‘ಪೊ’ ಎಂದರೆ ಒಡತಿ ಅಥವಾ ಒಡೆಯ. ‘ನಗರ್’ ನಮ್ಮ ‘ನಗರ’ವೇ, ಅಲ್ಲಿ ಅದಕ್ಕೆ ನಾಡು ಎಂಬ ಅರ್ಥ. ನಾಡಿನ ಒಡತಿಯ ಸನ್ನಿಧಿ ಇದು.

ಈ ಕರಾವಳಿಯನ್ನು ಆಳಿದ್ದ ಚಂಪಾ ರಾಜ್ಯದವರು ಶಿವಭಕ್ತರು. ನ್ಯಾ ತ್ರಾಂಗಿನ ಸುತ್ತಲಿನ ಸೀಮೆಗೆ ಆಗ ಕೌಠಾರವೆಂದು ಹೆಸರು. ಸಮೀಪದ ವೊ ಕಾನ್ ಎಂಬಲ್ಲಿ ದೊರೆತ ಸಂಸ್ಕೃತ ಶಾಸನವು ಆಗ್ನೇಯ ಏಷ್ಯಾದ ಅತ್ಯಂತ ಪ್ರಾಚೀನ ಸಂಸ್ಕೃತ ಶಾಸನಗಳ ಸಾಲಿಗೆ ಸೇರಿದ್ದು, ಈಗ ಹನೋಯಿಯ ವಸ್ತುಸಂಗ್ರಹಾಲಯದಲ್ಲಿದೆ. ಚಾಮರು ನಮ್ಮ ಶಾಸನಗಳಂತೆಯೇ ಶಕವರ್ಷದ ಲೆಕ್ಕದಲ್ಲಿ ಕಾಲವನ್ನು ಬರೆಯುತ್ತಿದ್ದರೆಂಬುದು ಕನ್ನಡಿಗರಿಗೆ ಸಂತಸ ತರುವ ಸಂಗತಿ.

ಪೊ ನಗರ್ ಶಾಸನ ಹೇಳುವ ಕಥೆ ಹೃದಯವಿದ್ರಾವಕವಾದುದು. 774ರಲ್ಲಿ ಹಡಗುಗಳಲ್ಲಿ ಬಂದ ಕಡಲ್ಗಳ್ಳರು ದೇಗುಲಕ್ಕೆ ಬೆಂಕಿಯಿಟ್ಟು, ಅಲ್ಲಿದ್ದ ಮುಖಲಿಂಗವನ್ನೂ ಭಂಡಾರವನ್ನೂ ಹೊತ್ತೊಯ್ದರು. ದೊರೆ ಸತ್ಯವರ್ಮನು ಅವರನ್ನು ಬೆನ್ನಟ್ಟಿ ಕಡಲಿನಲ್ಲಿಯೇ ಸೋಲಿಸಿದನು. ಆದರೆ ಲಿಂಗವು ನೀರುಪಾಲಾಗಿತ್ತು. ಎದೆಗುಂದದೆ ಆತ ದೇಗುಲವನ್ನು ಮತ್ತೆ ಕಟ್ಟಿಸಿ, 784ರಲ್ಲಿ ಹೊಸ ಮುಖಲಿಂಗವನ್ನು ಪ್ರತಿಷ್ಠಾಪಿಸಿದನು. ಆಗ ನಮ್ಮ ನಾಡಿನಲ್ಲಿ ರಾಷ್ಟ್ರಕೂಟರ ಆಳ್ವಿಕೆ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 918ರಲ್ಲಿ ಇಂದ್ರವರ್ಮನೆಂಬ ಅರಸನು ಇಲ್ಲಿ ಭಗವತಿಯ ಚಿನ್ನದ ಮೂರ್ತಿಯನ್ನು ಸ್ಥಾಪಿಸಿದನು. ಕೆಲವು ದಶಕಗಳಲ್ಲಿಯೇ ಖ್ಮೇರರು ಅದನ್ನು ದೋಚಿದರು. 965ರಲ್ಲಿ ಅದೇ ಸ್ಥಳದಲ್ಲಿ ಶಿಲಾಮೂರ್ತಿ ನೆಲೆಗೊಂಡಿತು. ಚಿನ್ನ ಹೋಯಿತು, ಪೂಜೆ ನಿಲ್ಲಲಿಲ್ಲ.

ಇಂದು ನಾಲ್ಕು ಗೋಪುರಗಳು ಉಳಿದಿವೆ. ಮುಖ್ಯ ಗೋಪುರದ ಎತ್ತರ 20 ಮೀಟರಿಗೂ ಹೆಚ್ಚು. ಇಟ್ಟಿಗೆಗಳನ್ನು ಗಾರೆಯ ಗೆರೆಯೇ ಕಾಣದಷ್ಟು ನಯವಾಗಿ ಕೂಡಿಸಿದ್ದಾರೆ. ಕೆಳಗಡೆ ಎಂಟು ಮೂಲೆಯ ಇಟ್ಟಿಗೆ ಕಂಬಗಳ ಮಂಟಪವು ಸೂರಿಲ್ಲದೆ ನಿಂತಿದೆ.

ಜನ ಬದಲಾದರೂ ತಾಯಿ ಬದಲಾಗಲಿಲ್ಲ

1653ರಲ್ಲಿ ಈ ಸೀಮೆ ಚಾಮರ ಕೈತಪ್ಪಿ ವಿಯೆಟ್ನಾಮೀಯರ ವಶವಾಯಿತು. ಗೆದ್ದವರು ಸೋತವರ ದೇವರನ್ನು ಕೆಡವುವುದು ಲೋಕದ ಇತಿಹಾಸದಲ್ಲಿ ಎಷ್ಟೋ ಕಡೆ ನಡೆದ ಮಾತು. ಇಲ್ಲಿ ಹಾಗಾಗಲಿಲ್ಲ. ಹೊಸದಾಗಿ ನೆಲೆಸಿದ ರೈತರು, ಬೆಸ್ತರು ಅದೇ ತಾಯಿಯನ್ನು ‘ಥಿಯೆನ್ ಯಿ ಆ ನಾ’ ಎಂಬ ಹೆಸರಿನಿಂದ ಕರೆದು, ತಮ್ಮ ರೂಢಿಯ ವಸ್ತ್ರ ಉಡಿಸಿ ಪೂಜಿಸತೊಡಗಿದರು. ಉಳುಮೆಯನ್ನೂ ನೇಯ್ಗೆಯನ್ನೂ ಜನರಿಗೆ ಕಲಿಸಿದವಳು ಈಕೆಯೇ ಎಂದು ಅವರ ನಂಬಿಕೆ. ಪ್ರತಿವರ್ಷ ಚಾಂದ್ರಮಾನದ ಮೂರನೆಯ ತಿಂಗಳಿನಲ್ಲಿ ದೇವಿಗೆ ಮಜ್ಜನ ಮಾಡಿಸಿ, ಹೊಸ ಉಡುಗೆ ತೊಡಿಸಿ ಜಾತ್ರೆ ನಡೆಸುತ್ತಾರೆ. ಅಂದು ಚಾಮರೂ ವಿಯೆಟ್ನಾಮೀಯರೂ ಒಂದೇ ಅಂಗಳದಲ್ಲಿ ಕೈಮುಗಿಯುತ್ತಾರೆ.

ಚಾಮರ ಸಂಪ್ರದಾಯವನ್ನು ಇನ್ನೂ ಹತ್ತಿರದಿಂದ ಕಾಣಬೇಕೆನ್ನುವವರು ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರದ ಫಾನ್ ರಾಂಗಿಗೆ ಹೋಗಬೇಕು. ಆ ಹೆಸರಿನ ಮೂಲ ‘ಪಾಂಡುರಂಗ’! ಅಲ್ಲಿನ ಪೊ ಕ್ಲೋಂಗ್ ಗರಾಯ್ ದೇಗುಲದ ಗರ್ಭಗುಡಿಯಲ್ಲಿ ಮುಖಲಿಂಗವಿದೆ. ಮುಂದೆ ಕಲ್ಲಿನ ನಂದಿ ಮಲಗಿದ್ದಾನೆ. ಒಳ್ಳೆಯ ಬೆಳೆ ಬೇಡಿ ರೈತರು ಬಸವನಿಗೆ ನೈವೇದ್ಯ ಇಡುತ್ತಾರೆಂದು ಕೇಳಿ ನಮಗೆ ನಮ್ಮ ಹಳ್ಳಿಗಳೇ ನೆನಪಾದವು. 2025ರ ಜುಲೈ 1ರಿಂದ ಆ ಪ್ರದೇಶವೂ ನ್ಯಾ ತ್ರಾಂಗ್ ಇರುವ ಖಾನ್ ಹೋವಾ ಪ್ರಾಂತದಲ್ಲಿಯೇ ವಿಲೀನವಾಗಿದೆ.

ಬಂದು ಸೇವೆಗೆ ನಿಂತವನು

ಈ ಊರಿಗೆ ಬಂದ ಇನ್ನೊಬ್ಬ ಪರದೇಶಿಯನ್ನು ನೆನೆಯದೆ ಮುಂದೆ ಹೋಗಲಾಗದು. ಸ್ವಿಟ್ಜರ್ಲೆಂಡಿನಲ್ಲಿ 1863ರಲ್ಲಿ ಹುಟ್ಟಿದ ವೈದ್ಯ ಅಲೆಕ್ಸಾಂಡರ್ ಯೆರ್ಸಿನ್, 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದನು. ಕೀರ್ತಿ ಬಂದ ಮೇಲೆ ಯುರೋಪಿಗೆ ಮರಳಿ ಸುಖವಾಗಿರಬಹುದಾಗಿತ್ತು. ಆತ ಆರಿಸಿಕೊಂಡದ್ದು ನ್ಯಾ ತ್ರಾಂಗಿನ ಬೆಸ್ತರ ಕೇರಿಯನ್ನು. 1895ರಲ್ಲಿ ಇಲ್ಲಿ ಪ್ರಯೋಗಶಾಲೆ ಸ್ಥಾಪಿಸಿ, ಕುದುರೆಗಳನ್ನು ಸಾಕಿ, ಪ್ಲೇಗಿಗೆ ಸೀರಮ್ ತಯಾರಿಸಿದನು. ಅದೇ ಮುಂದೆ ಪಾಶ್ಚರ್ ಸಂಸ್ಥೆಯಾಗಿ ಬೆಳೆದು ಇಂದಿಗೂ ಕೆಲಸ ಮಾಡುತ್ತಿದೆ.

1897ರಲ್ಲಿ ಮುಂಬಯಿ ಪ್ಲೇಗಿನಿಂದ ತತ್ತರಿಸುತ್ತಿದ್ದಾಗ ಯೆರ್ಸಿನ್ ಸೀರಮ್ಮಿನೊಂದಿಗೆ ಅಲ್ಲಿಗೂ ಬಂದಿದ್ದನು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಮರುವರ್ಷ ಆ ಮಾರಿ ಬೆಂಗಳೂರನ್ನೂ ಹೊಕ್ಕಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಾಲದ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ಆ ರೋಗಾಣುವನ್ನು ಗುರುತಿಸಿದವನು ಇಲ್ಲಿನ ಬೆಸ್ತರಿಗೆ ಬಿರುಗಾಳಿಯ ಮುನ್ಸೂಚನೆ ಕೊಡುತ್ತ, ಮಕ್ಕಳ ಒಡನಾಟದಲ್ಲಿ ಬಾಳಿ, 1943ರಲ್ಲಿ ಕಣ್ಮುಚ್ಚಿದನು. ಊರ ದಕ್ಷಿಣಕ್ಕಿರುವ ಸುವೋಯ್ ದಾವ್‌ನಲ್ಲಿ ಆತನ ಸಮಾಧಿಯಿದೆ. ಜನ ಅಲ್ಲಿ ಊದುಬತ್ತಿ ಹಚ್ಚುತ್ತಾರೆ. ಕಾಯಕವೇ ಆತನನ್ನು ಆ ಊರಿನವನನ್ನಾಗಿ ಮಾಡಿತು.

ಈಗ ಬರುವವರು

ಇಂದು ಬರುವವರು ನಮ್ಮಂಥ ಪ್ರವಾಸಿಗರು. ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಅವರಿಂದಲೇ. 2020ರ ಕೊರೊನಾ ಕಾಲದಲ್ಲಿ ವಿದೇಶಿಯರು ಬರುವುದು ನಿಂತಾಗ ಹೋಟೆಲುಗಳೆಲ್ಲ ಬರಿದಾಗಿ ಜನ ಕೆಲಸ ಕಳೆದುಕೊಂಡರು. ಆದರೆ ಅತಿಯಾದರೆ ಅಮೃತವೂ ವಿಷವಲ್ಲವೇ? 2001ರಲ್ಲಿ ದೇಶದ ಮೊಟ್ಟಮೊದಲ ಸಂರಕ್ಷಿತ ಸಮುದ್ರ ಪ್ರದೇಶವಾದ ಹೊನ್ ಮುನ್ ದ್ವೀಪದ ಸುತ್ತ ಹವಳದ ದಿಬ್ಬಗಳು ನಶಿಸತೊಡಗಿದವು. ಬಿರುಗಾಳಿಗಳ ಜೊತೆಗೆ ಅಕ್ರಮ ಮೀನುಗಾರಿಕೆ, ದಂಡೆಯ ಕಟ್ಟಡ ಕೆಲಸ, ಪ್ರವಾಸಿಗರ ನೂಕುನುಗ್ಗಲು ಕಾರಣವಾದವು. ಕೊನೆಗೆ 2022ರ ಜೂನ್‌ನಲ್ಲಿ ಅಲ್ಲಿ ಈಜುವುದನ್ನೂ ಮುಳುಗುವುದನ್ನೂ ತಡೆಯಬೇಕಾಯಿತು. ಅಂದು ದೇಗುಲವನ್ನು ದೋಚಿದವರು ಕತ್ತಿ ಹಿಡಿದು ಬಂದಿದ್ದರು. ಹವಳವನ್ನು ಕೆಡಿಸಲು ಅಜಾಗರೂಕತೆಯೇ ಸಾಕಾಯಿತು.

ಹೋಗುವ ಕುಟುಂಬಗಳಿಗೆ ಕೆಲವು ಮಾತು. ಹೋ ಚಿ ಮಿನ್ ನಗರದಿಂದ ವಿಮಾನವೂ ರೈಲೂ ಉಂಟು. ವಿಮಾನ ನಿಲ್ದಾಣ ಊರಿನಿಂದ ದಕ್ಷಿಣಕ್ಕೆ ಕಾಮ್ ರಾನ್ಹ್‌ನಲ್ಲಿದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮಳೆ. ಸಸ್ಯಾಹಾರಿಗಳು ‘ಚಾಯ್’ ಎಂಬ ಪದ ನೆನಪಿಡಬೇಕು. ಅಲ್ಲಿ ಅದು ಚಹವಲ್ಲ, ಸಸ್ಯಾಹಾರ! ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಗಳಂದು ಅದನ್ನೇ ಉಣ್ಣುತ್ತಾರೆ. ಬೇರೆ ಹೋಟೆಲುಗಳಲ್ಲಿ ತರಕಾರಿಗೂ ಮೀನಿನ ರಸ ಬೆರೆಸುವುದರಿಂದ ಮೊದಲೇ ವಿಚಾರಿಸುವುದು ಕ್ಷೇಮ. ದೇಗುಲಕ್ಕೆ ಮೈತುಂಬ ಬಟ್ಟೆ ಧರಿಸಿ ಹೋಗಬೇಕು. ಇಲ್ಲದವರಿಗೆ ಅಲ್ಲಿಯೇ ನಿಲುವಂಗಿ ಕೊಡುತ್ತಾರೆ.

ಕಡಲ ತೀರದಲ್ಲಿ ಎಷ್ಟು ಹೊತ್ತು ಕಳೆದರೂ, ಒಂದು ಮುಂಜಾವನ್ನು ಪೊ ನಗರ್ ಗುಡ್ಡಕ್ಕೆ ಮೀಸಲಿಡಿರಿ. ಪ್ರವಾಸಿಗರ ಸದ್ದು ಏಳುವ ಮೊದಲು ಊರ ಹೆಣ್ಣುಮಕ್ಕಳು ಹೂವು ಹಣ್ಣು ಹಿಡಿದು ಮೆಟ್ಟಿಲು ಹತ್ತುತ್ತಿರುತ್ತಾರೆ. ಅವರಿಗೆ ದಾರಿ ಬಿಟ್ಟು, ಪಕ್ಕಕ್ಕೆ ನಿಂತು, ನೀವೂ ಕೈಮುಗಿಯಿರಿ.