ಆಜ್ಞಾಪತ್ರದಲ್ಲಿಲ್ಲದ ಹೆಸರು

ನಮ್ಮದು ವಿದುರಾಶ್ವತ್ಥದ ಮಗ್ಗುಲಿನ ಒಂದು ಹಳ್ಳಿ. ಗೌರಿಬಿದನೂರಿನ ಕಡೆಯವರಿಗೆ ಆ ಸ್ಥಳವನ್ನು ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ. ವಿದುರನು ನೆಟ್ಟು ಬೆಳೆಸಿದನೆಂದು ಹಿರಿಯರು ಹೇಳುತ್ತಿದ್ದ ಅಶ್ವತ್ಥವೃಕ್ಷವು 2001ರಲ್ಲಿ ನೆಲಕ್ಕುರುಳಿತು. ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ಇಂದಿಗೂ ನಿಂತಿವೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ ಜನರ ಮೇಲೆ ಗುಂಡು ಹಾರಿದ್ದೂ ಅಲ್ಲಿಯೇ. ಆ ನಾಗರಕಲ್ಲುಗಳ ಸಂದಿಯಲ್ಲಿ ಆರು ವರ್ಷಗಳ ಕೆಳಗೆ, ಒಂದು ಮಳೆಯ ಸಂಜೆ, ನಮ್ಮಣ್ಣನಿಗೆ ಸಿಕ್ಕ ನಾಯಿಮರಿಯೇ ಈ ಪ್ರಬಂಧದ ನಾಯಕ. ಹೆಸರು ಕರಿಯ, ಬಣ್ಣ ಮಾತ್ರ ಕೆಂಪು. ನಮ್ಮ ತಂದೆಯವರು ಕತ್ತಲಲ್ಲಿ ನೋಡಿ ಹೆಸರಿಟ್ಟರು, ಬೆಳಗಾದ ಮೇಲೆ ಬದಲಾಯಿಸಲು ಒಪ್ಪಲಿಲ್ಲ.

ಅಣ್ಣ ಸೈನ್ಯದಲ್ಲಿ ನಾಯಕ್ ಹುದ್ದೆಯಲ್ಲಿದ್ದಾನೆ. ಅತ್ತಿಗೆಯೂ ಅವರ ಐದು ವರ್ಷದ ಮಗಳು ಪುಟ್ಟಿಯೂ ನಮ್ಮ ಮನೆಯಲ್ಲಿಯೇ ಇದ್ದರು. ಕಳೆದ ವರ್ಷ ಅಣ್ಣನಿಗೆ ಅಂಡಮಾನಿಗೆ ವರ್ಗವಾಯಿತು. ನಾವು ಶಾಲೆಯಲ್ಲಿ ಪೋರ್ಟ್ ಬ್ಲೇರ್ ಎಂದು ಕಲಿತಿದ್ದ, 2024ರಿಂದ ಶ್ರೀ ವಿಜಯಪುರಂ ಎನ್ನಿಸಿಕೊಂಡಿರುವ ಆ ಊರಿನಲ್ಲಿ ಸಂಸಾರಕ್ಕೂ ಮನೆ ಸಿಕ್ಕಿತು. ನಮ್ಮ ಮನೆತನದಲ್ಲಿ ಕಡಲನ್ನು ದಾಟುವವರು ಇವರೇ ಮೊದಲಿಗರು.

ರಜೆಯ ಮೇಲೆ ಬಂದ ಅಣ್ಣನ ಆಜ್ಞಾಪತ್ರವನ್ನು ಜಗಲಿಯ ಮೇಲೆ ಕುಳಿತು ಎಲ್ಲರಿಗೂ ಓದಿ ಹೇಳಿದವನು ನಾನು. ಅಣ್ಣನ ಹೆಸರು, ಅತ್ತಿಗೆಯ ಹೆಸರು, ಪುಟ್ಟಿಯ ಹೆಸರು ಬಂದವು.

“ಚಿಕ್ಕಪ್ಪ, ಕರಿಯನ ಹೆಸರು ಎಲ್ಲೈತೆ?” ಎಂದಳು ಪುಟ್ಟಿ.

ಎಲ್ಲರೂ ನಕ್ಕರು. ಅತ್ತಿಗೆ ಮಾತ್ರ ನಗಲಿಲ್ಲ. “ನೀನೇ ವಿಚಾರಿಸಿ ಹೇಳಪ್ಪ, ಅದನ್ನ ಕರ್ಕೊಂಡು ಹೋಗೋಕಾಗತ್ತೇನೋ,” ಎಂದರು.

ನಾನು ವಿಚಾರಿಸಿದೆ. ಪರೀಕ್ಷೆಗೆ ಓದುವುದಕ್ಕಿಂತ ಹೆಚ್ಚಿನ ಶ್ರದ್ಧೆಯಿಂದಲೇ ವಿಚಾರಿಸಿದೆನೆಂದು ಹೇಳಬಹುದು. ರೈಲಿನಲ್ಲಾದರೆ ಗಾರ್ಡಿನ ಡಬ್ಬಿಯಲ್ಲಿ ನಾಯಿಗೂಡುಂಟು. ತನ್ನ ಜೊತೆಯಲ್ಲಿಯೇ ಇರಬೇಕೆಂದರೆ ಹವಾನಿಯಂತ್ರಿತ ಮೊದಲನೆಯ ದರ್ಜೆಯ ಒಂದು ಕೋಣೆಯನ್ನೇ ಪೂರ್ತಿ ಕಾದಿರಿಸಬೇಕು. ನಾವು ಹೋಗುವ ಡಬ್ಬಿಗಳಲ್ಲಿ ಅದಕ್ಕೆ ಸ್ಥಳವಿಲ್ಲ. ವಿಮಾನದಲ್ಲಾದರೆ ಎಲ್ಲ ಕಂಪನಿಗಳೂ ನಾಯಿಯನ್ನು ಒಯ್ಯುವುದಿಲ್ಲ. ಒಯ್ಯುವವರಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ದಾಖಲೆ ಬೇಕು, ಪಶುವೈದ್ಯರ ಪತ್ರ ಬೇಕು, ನಾಯಿ ಎದ್ದು ನಿಂತು ಸುತ್ತ ತಿರುಗಿ ಮಲಗುವಷ್ಟು ದೊಡ್ಡ ಪೆಟ್ಟಿಗೆ ಬೇಕು. ನಿದ್ರೆಯ ಮದ್ದು ಕೊಟ್ಟು ಕಳಿಸುವುದು ಅಪಾಯವೆಂಬುದೂ ತಿಳಿಯಿತು. ಅಂಡಮಾನು ನಮ್ಮ ದೇಶವೇ ಆದ್ದರಿಂದ ಇಷ್ಟಕ್ಕೆ ಮುಗಿಯಿತು. ನಮ್ಮ ರಾಯಭಾರ ಕಚೇರಿಗಳಿಗೆ ನೇಮಕವಾಗುವ ಸೇನಾಧಿಕಾರಿಗಳ ಸಂಸಾರ ಯೂರೋಪಿಗೆ ನಾಯಿಯನ್ನು ಒಯ್ಯಬೇಕಾದರೆ ಅದರ ಚರ್ಮದಡಿಯಲ್ಲಿ ಸಂಖ್ಯೆಯುಳ್ಳ ಚಿಪ್ಪನ್ನು ಇಡಿಸಬೇಕು. ಚುಚ್ಚುಮದ್ದಾಗಿ 30 ದಿನ ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿ, ಅಲ್ಲಿಂದ ಮೂರು ತಿಂಗಳು ಕಾಯಬೇಕು.

ಅಂದರೆ, ಕರಿಯ ಹೋಗಬಹುದಾಗಿತ್ತು. ಅಡ್ಡವಿದ್ದುದು ಖರ್ಚೊಂದೇ. ಪೆಟ್ಟಿಗೆ, ಬಾಡಿಗೆ, ಓಡಾಟ ಎಲ್ಲವನ್ನೂ ಕೂಡಿಸಿ ನೋಡಿದರೆ, ನನ್ನ ಬಿ.ಎಡ್. ಓದಿಗೆಂದು ಅಣ್ಣ ಎತ್ತಿಟ್ಟಿದ್ದ ಹಣದಲ್ಲಿ ದೊಡ್ಡ ತೂತು ಬೀಳುತ್ತಿತ್ತು.

ಆ ಸಂಜೆ ಜಗಲಿಯ ಮೇಲೆ ನಾನು ಹೇಳಿದ್ದಿಷ್ಟು: “ನಾಯೀನ ತಗೊಂಡು ಹೋಗೋಕೆ ಕಾನೂನಿನಲ್ಲಿ ಅವಕಾಶ ಇಲ್ಲ.”

ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. “ಅವನು ಓದಿದಾನೆ ಕಣಮ್ಮ, ಅವನೇ ಇಲ್ಲ ಅಂದಮೇಲೆ ಮುಗೀತು,” ಎಂದು ತಂದೆಯವರು ಅತ್ತಿಗೆಗೆ ಸಮಾಧಾನ ಹೇಳಿದರು. ಪುಟ್ಟಿ ನಾಯಿಯ ಕಿವಿಯಲ್ಲಿ ಅದೇ ಮಾತನ್ನು ಹೇಳಿದಳು: “ಕಾನೂನಿಲ್ವಂತೆ ಕಣೋ.”

ಅವರು ಹೊರಟ ದಿನ ಕರಿಯ ಆಟೋರಿಕ್ಷಾದ ಹಿಂದೆ ದೊಡ್ಡ ರಸ್ತೆಯವರೆಗೂ ಓಡಿ, ಸಂಜೆಗೆ ಹಿಂದಿರುಗಿತು. ಅನಂತರ ದಿನವೂ ಆಟೋ ಹೋದ ದಿಕ್ಕಿಗೆ ಮುಖ ಮಾಡಿ ಮಲಗತೊಡಗಿತು. ಅಮ್ಮ ಮುದ್ದೆ ಕಲಸಿ ಇಟ್ಟರೆ ಮೂಸಿ ಬಿಡುತ್ತಿತ್ತು. ನನಗೆ ಓದು ಹತ್ತಲಿಲ್ಲ.

ಒಂದು ದಿನ ಚರಿತ್ರೆಯ ತರಗತಿಯಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ವಿಷಯ ಬಂತು. 1914ರಲ್ಲಿ ನಮ್ಮ ಸವಾರರು ಕುದುರೆಗಳೊಡನೆ ಹಡಗು ಹತ್ತಿ ಈಜಿಪ್ಟಿಗೆ ಹೋದದ್ದನ್ನೂ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಳಗಳಲ್ಲಿ ಒಂದಾಗಿದ್ದುದನ್ನೂ ಅಧ್ಯಾಪಕರು ಹೇಳಿದರು. ಆ ಯುದ್ಧಕ್ಕೆ ಆಸ್ಟ್ರೇಲಿಯಾ ದೇಶ ಕಳಿಸಿದ ಲಕ್ಷಕ್ಕೂ ಮಿಕ್ಕ ಕುದುರೆಗಳಲ್ಲಿ ಸ್ಯಾಂಡಿ ಎಂಬ ಒಂದು ಕುದುರೆ ಮಾತ್ರ ತವರಿಗೆ ಮರಳಿತಂತೆ. ತರಗತಿಯಲ್ಲಿ ಯಾರೋ “ಪಾಪ” ಎಂದರು. ನಾನು ತಲೆ ತಗ್ಗಿಸಿದೆ.

ಆ ಭಾನುವಾರ ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲುಗಳ ಬಳಿ ಕುಳಿತಾಗ ಬಾಲ್ಯದಲ್ಲಿ ಕೇಳಿದ ಕಥೆ ನೆನಪಾಯಿತು. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ನಡೆದು ಬರುತ್ತದೆ. ಇಂದ್ರನು ರಥ ತಂದು, ನಾಯಿಗೆ ಸ್ಥಳವಿಲ್ಲವೆನ್ನುತ್ತಾನೆ. ನಂಬಿ ಬಂದದ್ದನ್ನು ಬಿಟ್ಟು ತನಗೆ ಸ್ವರ್ಗವೂ ಬೇಡವೆನ್ನುತ್ತಾನೆ ಧರ್ಮರಾಯ. ಆಗ ಆ ನಾಯಿ ಯಮಧರ್ಮನಾಗಿ ಕಾಣಿಸಿಕೊಳ್ಳುತ್ತದೆ. ಮಾಂಡವ್ಯನ ಶಾಪದಿಂದ ಭೂಮಿಯಲ್ಲಿ ವಿದುರನಾಗಿ ಹುಟ್ಟಿದವನೂ ಆ ಯಮಧರ್ಮನೇ ಅಲ್ಲವೆ! ಧೃತರಾಷ್ಟ್ರನಿಗೆ ಹಿಡಿಸದ ನಿಜವನ್ನು ಎದುರಿಗೇ ಹೇಳಿದವನು ವಿದುರ. ಅವನ ಹೆಸರಿನ ಊರಿನಲ್ಲಿ ಬೆಳೆದ ನಾನು, ಐದು ವರ್ಷದ ಮಗುವಿನ ಎದುರಿಗೆ, ಇಲ್ಲದ ಕಾನೂನನ್ನು ಹೇಳಿದ್ದೆ.

ಆ ರಾತ್ರಿಯೇ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುವನೆಂದು ಕಾದೆ. ಆತ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: “ದುಡ್ಡಿಲ್ಲ ಅಂತ ಹೇಳಿದ್ರೆ ಎಲ್ಲರೂ ಕೂತು ಯೋಚನೆ ಮಾಡ್ತಿದ್ವಿ ಕಣೋ. ಕಾನೂನಿಲ್ಲ ಅಂದುಬಿಟ್ಟೆ, ನಾವು ಇನ್ನೇನು ಮಾತಾಡೋಣ?”

ಬೈದಿದ್ದರೆ ಎಂದೋ ಮರೆಯುತ್ತಿದ್ದೆ. ಈ ಮಾತು ಮರೆಯುವಂತಿಲ್ಲ. ಓದದವರ ಮುಂದೆ ಓದಿದವನ ಬಾಯಲ್ಲಿ ಬರುವ “ಕಾನೂನು” ಎಂಬ ಮಾತು ಎಷ್ಟು ದೊಡ್ಡ ಬಾಗಿಲನ್ನು ಮುಚ್ಚಬಲ್ಲದೆಂಬುದು ನನಗೆ ಪಠ್ಯಪುಸ್ತಕದಿಂದ ತಿಳಿದದ್ದಲ್ಲ. ನಾಳೆ ನಮ್ಮಲ್ಲಿ ಹಲವರು ಮೇಜಿನ ಆಚೆಯ ಕಡೆ ಕುಳಿತುಕೊಳ್ಳುವವರು. ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಕರಿಯನಿಗೆ ಚುಚ್ಚುಮದ್ದಾಗಿದೆ. ಭಾನುವಾರಗಳಲ್ಲಿ ನಾನು ಹೋಟೆಲೊಂದರಲ್ಲಿ ಲೆಕ್ಕ ಬರೆದು ಕೂಡಿಸಿದ ಹಣದಿಂದ ಪೆಟ್ಟಿಗೆ ಬಂದಿದೆ. ಮೊದಲ ವಾರ ಅದರ ಹತ್ತಿರವೂ ಸುಳಿಯದಿದ್ದ ಕರಿಯ, ಅಮ್ಮ ಪುಟ್ಟಿಯ ಹಳೆಯ ಲಂಗವನ್ನು ಒಳಗೆ ಹಾಸಿದ ಮೇಲೆ ರಾತ್ರಿ ಅಲ್ಲಿಯೇ ಮಲಗುತ್ತಿದೆ. ಅಣ್ಣ ಮುಂದಿನ ರಜೆಗೆ ಬರುವುದೊಂದೇ ಬಾಕಿ. ವಿಮಾನದ ಕಂಪನಿಯವರು ಕೊಟ್ಟ ಕಾಗದದಲ್ಲಿ ಪ್ರಾಣಿಯ ಹೆಸರು ಬರೆಯಲು ಒಂದು ಸಾಲು ಬಿಟ್ಟಿದ್ದರು. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಕರಿಯ. ಬಣ್ಣ: ಕೆಂಪು.