ಬಾಗಲೂರಿನ ಹಾದಿಯಲ್ಲಿ ಮಚ್ಚಿನ ಮೊಕದ್ದಮೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು, ಹೆಬ್ಬಾಳದ ಕೆರೆಯನ್ನು ಹಿಂದೆ ಹಾಕಿ ಯಲಹಂಕವನ್ನು ಮುಟ್ಟಿದವರಿಗೆ, ಬಸ್ಸಿನ ನಿರ್ವಾಹಕನು ‘ಬಾಗಲೂರು ಕ್ರಾಸ್’ ಎಂದು ಕೂಗುವುದು ಕೇಳಿಸುತ್ತದೆ. ಅಲ್ಲಿಂದ ಕವಲೊಡೆದ ರಸ್ತೆ ಬಾಗಲೂರಿಗೆ ಕರೆದೊಯ್ಯುತ್ತದೆ. ಹೊಸೂರಿನ ಬಳಿ, ತಮಿಳುನಾಡಿನ ಎಲ್ಲೆಯೊಳಗೆ, ಇದೇ ಹೆಸರಿನ ಮತ್ತೊಂದು ಊರುಂಟು. ಅದು ಬೇರೆ, ಇದು ಬೇರೆ. ಈ ಬಾಗಲೂರು ಬೆಂಗಳೂರಿನ ಉತ್ತರದ ಸೆರಗಿನಲ್ಲಿರುವ, ಜಾಲ ಹೋಬಳಿಗೆ ಸೇರಿದ ಊರು.

ಇದು ರಾಗಿ, ಅವರೆಗಳ ಸೀಮೆ. ‘ಬೆಂಗಳೂರು ನೀಲಿ’ ಎಂಬ ಕಪ್ಪು ದ್ರಾಕ್ಷಿಯೂ ನೆರೆಯ ದೇವನಹಳ್ಳಿಯ ಚಕ್ಕೋತವೂ ಹೆಸರು ಗಳಿಸಿದ್ದು ಈ ಕೆಮ್ಮಣ್ಣಿನಲ್ಲಿಯೇ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸೀಮೆಯ ಚಹರೆಯೇ ಬದಲಾಯಿತು. ಹೊಲಗಳಿದ್ದೆಡೆ ನಿವೇಶನದ ಕಲ್ಲುಗಳು ಎದ್ದವು. ವಿಮಾನದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳು ಬಂದವು. ಬಹುಮಹಡಿಯ ವಸತಿಗಳು ತಲೆಯೆತ್ತಿದವು. ಆದರೆ ಕಬ್ಬಿಣದ ಹತ್ಯಾರುಗಳ ಅಗತ್ಯ ಮಾತ್ರ ತೀರಲಿಲ್ಲ. ಉಳಿದ ಹೊಲದ ರಾಗಿಗೆ ಕುಡುಗೋಲು ಬೇಕು. ಚಪ್ಪರದ ಬಳ್ಳಿಯನ್ನು ಸವರಲು ಚಾಕು ಬೇಕು. ಹೊಸ ವಸತಿಗಳ ಬಾಗಿಲಲ್ಲಿ ಎಳನೀರು ಮಾರುವವನಿಗೆ, ದಿನಕ್ಕೆ ನೂರು ಬಾರಿ ಬೀಸಿದರೂ ಮುನಿಯದ ಮಚ್ಚು ಬೇಕು.

ಮಚ್ಚು ಮುನಿದರೆ? ಆಗ ಅವನು ಕುಲುಮೆಗೆ ಹೋಗಬೇಕು. ಅಲ್ಲಿ ನಡೆಯುವ ಮಾತುಕತೆಗೆ ಹಿಂದಿನ ಒಂದು ಏರ್ಪಾಡಿನ ಹಿನ್ನೆಲೆಯುಂಟು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆಯಗಾರರ ಪದ್ಧತಿ ಇದ್ದಿತು. ಬಡಗಿ, ಕುಂಬಾರ, ಅಗಸ, ನೀರಗಂಟಿಗಳಂತೆ ಕಮ್ಮಾರನೂ ಒಬ್ಬ ಆಯಗಾರ. ವರ್ಷವೆಲ್ಲ ಅವನು ಒಕ್ಕಲಿನವರ ಕುಳವನ್ನು ತಟ್ಟಿ, ಕುಡುಗೋಲಿಗೆ ಹದ ಹಾಕಿ, ಗುದ್ದಲಿಯನ್ನು ಸರಿಪಡಿಸಿ ಕೊಡುತ್ತಿದ್ದನು. ಕೈಯಲ್ಲಿ ಕಾಸು ಬೀಳುತ್ತಿದ್ದುದು ಅಪರೂಪ. ಸುಗ್ಗಿಯಲ್ಲಿ, ರಾಗಿ ರಾಶಿಯಾದ ಕಣದಲ್ಲಿ, ಅವನ ಪಾಲಿನ ಆಯ ಅಳೆದು ಬೀಳುತ್ತಿತ್ತು. ಕುಡುಗೋಲಿನ ಬಾಯಿ ಮೊಂಡಾಗಿ ಕೊಯ್ಲು ತಡವಾದರೆ ಅದರ ನೆನಪು ಕಣದವರೆಗೂ ಉಳಿಯುವುದು ಸಹಜವೇ. ಗಿರಾಕಿಯ ದೂರನ್ನು ಕಿವಿಗೆ ಹಾಕಿಕೊಳ್ಳದ ಕಮ್ಮಾರನು ತನ್ನ ಮನೆಯ ಹಗೇವಿಗೇ ಕೊರತೆ ತಂದುಕೊಂಡಂತೆ. ಗಿರಾಕಿಗೂ ಬೇರೆ ಗತಿ ಇರಲಿಲ್ಲ. ಊರಿಗೆ ಒಂದೇ ಕುಲುಮೆ. ಹೀಗಾಗಿ ಇಬ್ಬರೂ ಜಗಳವಾಡಬಹುದಾಗಿತ್ತು, ಬಿಟ್ಟುಹೋಗುವಂತಿರಲಿಲ್ಲ.

ಆಯ ಹೋಗಿ ರೂಪಾಯಿ ಬಂದಿದೆ. ಆದರೂ ದೂರಿನ ಧಾಟಿ ಹೆಚ್ಚು ಬದಲಾಗಿಲ್ಲ. ಎಳನೀರಿನವನೊಬ್ಬನು ಬಾಯಿ ಕಿತ್ತುಹೋದ ಮಚ್ಚನ್ನು ತಂದು ಅಡಿಗಲ್ಲಿನ ಪಕ್ಕದಲ್ಲಿ ಎಸೆಯುವುದನ್ನು ಕಲ್ಪಿಸಿಕೊಂಡರೆ ಸಾಕು. ಈ ಸೀಮೆಯ ಯಾವ ಕುಲುಮೆಯ ಮುಂದಾದರೂ ನಡೆಯಬಹುದಾದ ಸಂಗತಿ ಅದು.

“ಏನ್ ಆಚಾರ್ರೇ, ಮಚ್ಚು ಅಂತ ಕೊಟ್ರೋ ಗಾಜು ಅಂತ ಕೊಟ್ರೋ? ಎಂಟು ದಿನ ಆಗಿಲ್ಲ, ಬಾಯಿ ನೋಡಿ, ಇಲಿ ಕಡಿದಂಗೆ ಆಗೈತೆ!”

ಆಚಾರಿಯು ಕೂಡಲೇ ಉತ್ತರಿಸುವುದಿಲ್ಲ. ಮಚ್ಚನ್ನು ಬೆಳಕಿಗೆ ಹಿಡಿದು, ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಆಡಿಸುತ್ತಾನೆ.

“ಏನ್ ಕಡಿದ್ರಿ ಅಣ್ಣಾ?”

“ಎಳನೀರು. ಇನ್ನೇನು ಕಡೀತಾರೆ?”

“ಎಳನೀರು ಸರಿ. ಕೆಳಗೆ ಏನ್ ಇಟ್ಕೊಂಡು ಕಡಿದ್ರಿ?”

ಗಿರಾಕಿಯ ದನಿ ಸ್ವಲ್ಪ ಇಳಿಯುತ್ತದೆ. “...ಚಪ್ಪಡಿ ಕಲ್ಲು.”

“ಹಂಗಾದ್ರೆ ತಪ್ಪು ನಿಮ್ದು ಅರ್ಧ, ನಂದು ಅರ್ಧ. ನಾನೂ ಒಸಿ ಗಡುಸು ಬಿಟ್ಟಿದೀನಿ. ಕೊಡಿ ಇಲ್ಲಿ. ಕೂಲೀನೂ ಅರ್ಧ ಕೊಡಿ.”

ಈ ‘ಒಸಿ ಗಡುಸು’ ಎಂಬ ಮಾತಿನಲ್ಲಿ ಕಸುಬಿನ ಗುಟ್ಟೆಲ್ಲ ಅಡಗಿದೆ. ಉಕ್ಕನ್ನು ಹಣ್ಣು ಮೆಣಸಿನಕಾಯಿಯ ಕೆಂಪಿಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ. ಆದರೆ ಬರಿಯ ಗಡುಸು ಗಾಜಿನ ಗುಣದ್ದು. ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಆದ್ದರಿಂದ ಬಲ್ಲ ಕಮ್ಮಾರನು ಅಲಗನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲನೆ ಕಾವು ತೋರಿಸುತ್ತಾನೆ. ಆಗ ಲೋಹದ ಮೈಮೇಲೆ ಬಣ್ಣಗಳು ಒಂದೊಂದಾಗಿ ಓಡುತ್ತವೆ. ಸುಮಾರು 230 ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಹಳದಿ, 280ರ ಹೊತ್ತಿಗೆ ನೇರಳೆ, 300ರ ಸುಮಾರಿಗೆ ನೀಲಿ. ಹರಿತವೇ ಮುಖ್ಯವಾದ ಸಣ್ಣ ಚಾಕುವಿಗೆ ಹಳದಿಯಲ್ಲಿ ನಿಲ್ಲಿಸಬೇಕು. ಪೆಟ್ಟು ತಿನ್ನುವ ಮಚ್ಚಿಗೆ ನೇರಳೆಯನ್ನು ದಾಟಿ ನೀಲಿಯ ಹತ್ತಿರಕ್ಕೆ ಬರಬೇಕು. ಕುಲುಮೆಯನ್ನು ಮಬ್ಬು ಬೆಳಕಿನಲ್ಲಿ ಹೂಡುವುದಕ್ಕೆ ಇದೂ ಒಂದು ಕಾರಣ. ಉರಿಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ಇದು ಹಳ್ಳಿಯವರ ಹಳೆಯ ಚಾಳಿ ಎಂದು ತಿಳಿಯಬೇಕಾದುದಿಲ್ಲ. 1984ರಲ್ಲಿ ಕಾರ್ಯಾರಂಭ ಮಾಡಿದ ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯಲ್ಲಿ ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ಆ ಗಾಲಿಯ ಅಂಚನ್ನೂ ನೀರೆರಚಿ ಗಡುಸು ಮಾಡಿ, ಅನಂತರ ಮತ್ತೊಂದು ಕುಲುಮೆಯಲ್ಲಿಟ್ಟು ಹದಕ್ಕೆ ತರುತ್ತಾರೆ. ಅಳತೆ ಬೇರೆ, ಯಂತ್ರ ಬೇರೆ. ನ್ಯಾಯ ಮಾತ್ರ ಒಂದೇ.

ಗಿರಾಕಿಯ ದೂರು ಕಡಲನ್ನು ದಾಟಿದ ಕಥೆಯೂ ಈ ನಾಡಿಗೆ ಸೇರಿದ್ದೇ. ಬೆಂಗಳೂರಿನ ಪಶ್ಚಿಮಕ್ಕಿರುವ ಮಾಗಡಿ ಸೀಮೆಯಲ್ಲಿ ಒಂದು ಕಾಲಕ್ಕೆ ಉಕ್ಕು ಸಿದ್ಧವಾಗುತ್ತಿತ್ತು. 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಜೇಡಿಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡುಗಳೊಡನೆ ತಂಗಡಿ ಗಿಡದ ಕಡ್ಡಿಯನ್ನಿಟ್ಟು, ಬಾಯಿ ಮುಚ್ಚಿ, ಉರಿಸುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದಕ್ಷಿಣದ ಇಂಥ ಮೂಸೆಯ ಉಕ್ಕನ್ನು ಪಾಶ್ಚಾತ್ಯರು ‘ವೂಟ್ಸ್’ ಎಂದು ಕರೆದರು. ನಮ್ಮ ‘ಉಕ್ಕು’ ಎಂಬ ಮಾತೇ ಅವರ ಬಾಯಲ್ಲಿ ಹೀಗಾಯಿತೆಂಬುದು ಅನೇಕ ವಿದ್ವಾಂಸರ ಮತ.

ಭಾರತದಿಂದ ಹೋದ ಈ ಉಕ್ಕಿನ ಬಿಲ್ಲೆಗಳು 1790ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯನ್ನು ಮುಟ್ಟಿದವು. ಅವುಗಳ ಪರೀಕ್ಷೆಯ ವಿವರವನ್ನು ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಕಟಿಸಿದನು. ಅಲ್ಲಿನ ಕಮ್ಮಾರರಿಗೆ ಈ ಉಕ್ಕು ಒಗ್ಗುವುದು ಸುಲಭವಾಗಿರಲಿಲ್ಲ. ತಮ್ಮ ಕಬ್ಬಿಣವನ್ನು ಬೆಳ್ಳಗೆ ಕಾಯಿಸಿ ಬಡಿದು ರೂಢಿಯಾದ ಕೈಗೆ, ಹಾಗೆ ಕಾಯಿಸಿದೊಡನೆ ಇದು ಪುಡಿಯಾಗುತ್ತಿತ್ತು. ಸರಕೇ ಕೆಟ್ಟದ್ದೆಂದು ತಳ್ಳಿಬಿಡುವುದಕ್ಕೆ ಅಷ್ಟು ಸಾಕಾಗಿತ್ತು. ಆದರೆ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನು ತಾಳ್ಮೆಯಿಂದ, ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂದ ಕೆಂಪಿನಲ್ಲಿ ಅದನ್ನು ಬಡಿದು, ಲೇಖನಿ ಹೆರೆಯುವ ಸಣ್ಣ ಚಾಕುವೊಂದನ್ನು ಮಾಡಿದನು. ಅದಕ್ಕೆ ಅವನು ಕೊಟ್ಟ ಹದ 450 ಫ್ಯಾರನ್‌ಹೀಟ್, ಅಂದರೆ ಸುಮಾರು 232 ಸೆಂಟಿಗ್ರೇಡ್. ಅದೇ ಒಣಹುಲ್ಲಿನ ಹಳದಿ! ಶ್ರಮ ಹೆಚ್ಚಾದರೂ ತನ್ನ ದೇಶದ ಉಕ್ಕಿಗಿಂತ ಇದು ಅನೇಕ ಕೆಲಸಗಳಿಗೆ ಮೇಲೆಂಬ ತೀರ್ಮಾನಕ್ಕೆ ಅವನು ಬಂದನು. ಈ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಆದ್ದರಿಂದ ಇದು ಕಡಿಮೆ ಕಾವಿನಲ್ಲಿಯೇ ಕರಗತೊಡಗುತ್ತದೆ. ಸರಕಿನಲ್ಲಿ ಊನವಿರಲಿಲ್ಲ, ಕಾವು ಹೆಚ್ಚಾಗಿತ್ತು, ಅಷ್ಟೆ.

ಇನ್ನು ಪಟ್ಟಣದ ಗೃಹಿಣಿಯರ ದೂರು ಬೇರೆಯೇ ಉಂಟು: ಕಮ್ಮಾರನ ಚಾಕು ತುಕ್ಕು ಹಿಡಿಯುತ್ತದೆ, ನಿಂಬೆಹಣ್ಣಿಗೆ ಕಪ್ಪಾಗುತ್ತದೆ. ದೂರು ನಿಜ, ಉತ್ತರವೂ ಸರಳ. ಹುಳಿ ತಾಗಿದೊಡನೆ ತೊಳೆದು, ಒರಸಿ, ಒಂದು ತೊಟ್ಟು ಎಣ್ಣೆ ಸವರಿಡಬೇಕು. ಹಲಸಿನ ಅಂಟಿಗೆ ಹೆದರಿ ಈಳಿಗೆಗೆ ಎಣ್ಣೆ ಹಚ್ಚುತ್ತಿದ್ದ ಅಜ್ಜಿಯರಿಗೆ ಇದನ್ನು ಹೇಳಬೇಕಾಗಿರಲಿಲ್ಲ. ತುಕ್ಕು ಹಿಡಿಯದ ಉಕ್ಕಿಗೂ ದೂರು ತಪ್ಪಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆತ ಉಕ್ಕನ್ನು ತಂದಾಗ, ಕೊಯ್ಯದ ಚಾಕುವನ್ನು ಕಂಡುಹಿಡಿದವನೆಂದು ಅವನನ್ನು ಮೂದಲಿಸಿದರು. ಅದಕ್ಕೆ ತಕ್ಕ ಕಾವನ್ನು ಅರಿತ ಮೇಲೆಯೇ ಆ ಮೂದಲಿಕೆ ನಿಂತದ್ದು.

ದೂರು ಹೇಳುವವನಿಗೂ ಮಾಡುವವನಿಗೂ ನಡುವೆ ಒಂದು ಅಡಿಗಲ್ಲಿನಷ್ಟೇ ಅಂತರವಿದ್ದಾಗ ವಿದ್ಯೆ ಬೆಳೆಯುತ್ತದೆ. ಕಿತ್ತುಹೋದ ಅಲಗನ್ನು ನೋಡಿದ ಕಮ್ಮಾರನು ಮುಂದಿನ ಮಚ್ಚಿಗೆ ಇನ್ನಷ್ಟು ಕಾವು ತೋರಿಸುತ್ತಾನೆ. ಗಿರಾಕಿಯೂ ಚಪ್ಪಡಿಯನ್ನು ಬಿಟ್ಟು ಮರದ ಕೊರಡನ್ನು ಹುಡುಕುತ್ತಾನೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಲಗಿರುವ ಚಾಕು ಅಗ್ಗವಿರಬಹುದು, ಹೊಳಪಿರಬಹುದು. ಅದು ಮೊಂಡಾದ ದಿನ, ‘ಏನು ಕಡಿದಿರಿ? ಕೆಳಗೆ ಏನಿಟ್ಟಿರಿ?’ ಎಂದು ಕೇಳುವವರು ಯಾರೂ ಇಲ್ಲ. ಅದು ಕಸದ ಬುಟ್ಟಿಯನ್ನು ಸೇರುತ್ತದೆ, ಅದರೊಡನೆ ಒಂದು ಪಾಠವೂ.

ಉತ್ತರದ ಈ ಸೆರಗಿನಲ್ಲಿ ಹೊಲಗಳು ಸರಿದಂತೆ ಕುಲುಮೆಗೆ ಬರುವ ಕುಡುಗೋಲುಗಳೂ ಕಡಿಮೆಯಾಗುತ್ತವೆ. ಅದನ್ನು ತಡೆಯುವುದು ಒಬ್ಬಿಬ್ಬರ ಕೈಯ ಮಾತಲ್ಲ. ಆದರೆ ಈ ಕಡೆ ಸಂಚರಿಸುವ ಸಂಸಾರವಂದಿಗರು ತಿದಿಯ ಸದ್ದು ಕೇಳಿದಲ್ಲಿ ನಿಂತು ಒಂದು ಚಾಕು ಕೊಂಡರೆ ನಷ್ಟವಿಲ್ಲ. ವಿಮಾನ ಹತ್ತುವವರು ಮಾತ್ರ ಅದನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿಡಬೇಕು, ಇಲ್ಲವಾದರೆ ತಪಾಸಣೆಯವರ ಪಾಲಾದೀತು. ಚಾಕು ಚೆನ್ನಾಗಿ ಕೊಯ್ದರೆ ಸಂತೋಷ. ಕೊಯ್ಯದಿದ್ದರೆ ಹಿಂದಕ್ಕೆ ತಂದು ಧಾರಾಳವಾಗಿ ದೂರಬಹುದು. ಕಮ್ಮಾರನ ಪ್ರಶ್ನೆಗಳಿಗೆ ಉತ್ತರ ಹೇಳುವ ಸಿದ್ಧತೆ ಮಾತ್ರ ಇರಬೇಕು.